ಕಾಣದ ಹರಿವಿಗೆ ಕಣಗಳೇ ಸಾಕ್ಷಿ

ಗಾಳಿಯ ವೇಗ ಅಳೆಯಬೇಕೆಂದರೆ ಗಾಳಿಯೊಳಗೆ ಏನನ್ನಾದರೂ ಇಡಬೇಕು. ಇಟ್ಟ ಕೂಡಲೇ ಗಾಳಿ ಅದನ್ನು ಬಳಸಿಕೊಂಡು ಹೋಗುತ್ತದೆ. ಅಳೆಯಬೇಕಿದ್ದ ಹರಿವೇ ಅಷ್ಟರಮಟ್ಟಿಗೆ ಕೆಟ್ಟಿರುತ್ತದೆ. ಹರಿವಿನ ವಿಜ್ಞಾನಕ್ಕೆ ಅಂಟಿಕೊಂಡು ಬಂದ ಹಳೆಯ ತಾಪತ್ರಯ ಇದು. 1732ರಲ್ಲಿ ಫ್ರಾನ್ಸಿನ ಆನ್ರಿ ಪಿಟೋ ಸೇನ್ ನದಿಗೆ ಬಾಗಿದ ಕೊಳವೆ ಇಳಿಸಿ, ಅದರೊಳಗೆ ನೀರು ಎಷ್ಟು ಮೇಲೇರುತ್ತದೆ ಎಂಬುದರಿಂದ ವೇಗ ಕಂಡುಹಿಡಿದ. ಆ ಕೊಳವೆಯ ವಂಶಸ್ಥರು ಇವತ್ತಿಗೂ ವಿಮಾನಗಳ ಮೂತಿಯ ಬಳಿ ಚಾಚಿಕೊಂಡಿದ್ದಾರೆ. ಆಮೇಲೆ ಬಂದ ಬಿಸಿತಂತಿ ಉಪಕರಣದಲ್ಲಿ ಕೂದಲಿಗಿಂತ ತೆಳುವಾದ ಲೋಹದ ತಂತಿಯನ್ನು ವಿದ್ಯುತ್ತಿನಿಂದ ಕಾಯಿಸುತ್ತಾರೆ; ಗಾಳಿ ಅದನ್ನು ಎಷ್ಟು ತಣಿಸುತ್ತದೆ ಎಂಬುದೇ ವೇಗದ ಲೆಕ್ಕ. 1964ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಯೇ ಮತ್ತು ಕಮಿನ್ಸ್, ತೇಲುವ ಕಣಗಳಿಂದ ಚದುರಿದ ಲೇಸರ್ ಬೆಳಕಿನ ಡಾಪ್ಲರ್ ಪಲ್ಲಟದಿಂದ (ಕಣದ ಚಲನೆಯಿಂದ ಬೆಳಕಿನ ಆವರ್ತನದಲ್ಲಾಗುವ ಸಣ್ಣ ಬದಲಾವಣೆ) ವೇಗ ಅಳೆದು, ಹರಿವಿನೊಳಗೆ ಉಪಕರಣ ತುರುಕುವ ಗೋಜನ್ನೇ ತಪ್ಪಿಸಿದರು.

ಆದರೂ ಇವೆಲ್ಲ ಹೇಳುವುದು ಒಂದು ಬಿಂದುವಿನ ಸುದ್ದಿ. ಸೇತುವೆಯ ಕಂಬದ ಹಿಂದೆ ನೀರು ಸುಳಿಗಟ್ಟುವುದನ್ನು ನೋಡಿದವರಿಗೆ ಗೊತ್ತು: ಸುಳಿ ಎಂಬುದು ಒಂದು ಬಿಂದುವಿನಲ್ಲಿ ಇರುವ ವಸ್ತುವಲ್ಲ. ಇಲ್ಲಿ ನೀರು ಬಲಕ್ಕೆ, ಅದರ ಪಕ್ಕದಲ್ಲಿ ಮೇಲಕ್ಕೆ, ಅದರಾಚೆ ಎಡಕ್ಕೆ, ಎಲ್ಲವೂ ಒಂದೇ ಕ್ಷಣದಲ್ಲಿ ಹರಿಯುತ್ತಿದ್ದರೆ ಮಾತ್ರ ಅದು ಸುಳಿ. ಒಂದು ತಂತಿಯನ್ನು ಅಲ್ಲಿಂದ ಇಲ್ಲಿಗೆ ಸರಿಸುತ್ತ ಅಳೆದರೆ ಸರಾಸರಿ ಸಿಗುತ್ತದೆ, ಸುಳಿ ಸಿಗುವುದಿಲ್ಲ. ಒಂದೇ ಕ್ಷಣದಲ್ಲಿ ಸಾವಿರಾರು ಬಿಂದುಗಳ ವೇಗ ಮತ್ತು ದಿಕ್ಕನ್ನು ಒಟ್ಟಿಗೆ ಹಿಡಿಯುವ ವಿಧಾನಕ್ಕೆ ಪಾರ್ಟಿಕಲ್ ಇಮೇಜ್ ವೆಲಾಸಿಮೆಟ್ರಿ ಎಂದು ಹೆಸರು. ಪ್ರಯೋಗಾಲಯದವರ ಬಾಯಲ್ಲಿ ಅದು ಬರೀ ಪಿಐವಿ.

ಅದರ ಮೂಲ ಉಪಾಯವನ್ನು ಒಂದು ವಾಕ್ಯದಲ್ಲಿ ಹೇಳಿಬಿಡಬಹುದು. ಹರಿವಿಗೆ ಸಣ್ಣ ಕಣಗಳನ್ನು ಬೆರೆಸಿ, ಕ್ಷಣಾರ್ಧದ ಅಂತರದಲ್ಲಿ ಎರಡು ಫೋಟೊ ತೆಗೆದು, ಕಣಗಳು ಎಷ್ಟು ದೂರ ಸರಿದಿವೆ ಎಂದು ನೋಡಿ, ಆ ದೂರವನ್ನು ಕಾಲದಿಂದ ಭಾಗಿಸಿದರೆ ವೇಗ. ಇಷ್ಟೇ ಆಗಿದ್ದರೆ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಈ ವಾಕ್ಯದ ಒಂದೊಂದು ಪದದ ಹಿಂದೆಯೂ ಒಂದು ಒಪ್ಪಂದವಿದೆ. ಕಣಗಳು ಹರಿವನ್ನು ನಂಬಿಕೆಯಿಂದ ಹಿಂಬಾಲಿಸುತ್ತವೆ ಎಂಬುದು ಒಪ್ಪಂದ. ಎರಡು ಫೋಟೊಗಳ ನಡುವಿನ ಕಾಲವನ್ನು ಸರಿಯಾಗಿ ಆರಿಸಿದ್ದೇವೆ ಎಂಬುದು ಇನ್ನೊಂದು. ಮೊದಲ ಫೋಟೊದ ಯಾವ ಕಣ ಎರಡನೆಯದರಲ್ಲಿ ಎಲ್ಲಿದೆ ಎಂದು ಗುರುತಿಸಬಲ್ಲೆವು ಎಂಬುದು ಮತ್ತೂ ಒಂದು, ಎಲ್ಲಕ್ಕಿಂತ ಕಠಿಣವಾದದ್ದು. ಇವುಗಳಲ್ಲಿ ಯಾವುದು ಮುರಿದರೂ ಕಂಪ್ಯೂಟರ್ ಮಾತ್ರ ಚೆಂದದ ಬಣ್ಣದ ಚಿತ್ರವನ್ನು ಕೊಟ್ಟೇ ಕೊಡುತ್ತದೆ.

ಕಣ ಚೆಲ್ಲಿ ನೋಡುವ ಅಭ್ಯಾಸ ಹಳೆಯದು. ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ, ವಸ್ತುವಿನ ಮೈಗೆ ಅಂಟಿದಂತೆ ನಿಧಾನವಾಗಿ ಹರಿಯುವ ತೆಳು ಪದರದ, ಅಂದರೆ ಗಡಿಪದರದ ಸಿದ್ಧಾಂತವನ್ನು ಮಂಡಿಸಿದ ವರ್ಷವೇ, ಕೈಯಿಂದ ಚಕ್ರ ತಿರುಗಿಸುವ ನೀರಿನ ತೊಟ್ಟಿಯೊಂದನ್ನು ಇಟ್ಟುಕೊಂಡಿದ್ದ. ನೀರಿಗೆ ಅಭ್ರಕದ ಚೂರುಗಳನ್ನು ಉದುರಿಸಿ, ವಸ್ತುವಿನ ಮೈ ಬಿಟ್ಟು ಹರಿವು ಬೇರ್ಪಡುವುದನ್ನು ಫೋಟೊ ತೆಗೆದ. ಕಂಡದ್ದು ಅದ್ಭುತ, ಆದರೆ ಅದು ನೋಟವೇ ಹೊರತು ಅಂಕಿಯಲ್ಲ. ನೋಟವನ್ನು ಅಂಕಿಯಾಗಿಸಲು ಲೇಸರ್ ಬರಬೇಕಾಯಿತು, ಕಂಪ್ಯೂಟರ್ ಬರಬೇಕಾಯಿತು.

ಈಗಿನ ವ್ಯವಸ್ಥೆಯನ್ನು ಹತ್ತಿರದಿಂದ ನೋಡೋಣ. ಲೇಸರ್ ಕಿರಣವನ್ನು ಉರುಳೆಯಾಕಾರದ ಮಸೂರದ ಮೂಲಕ ಹಾಯಿಸಿದರೆ ಅದು ಒಂದೇ ದಿಕ್ಕಿನಲ್ಲಿ ಹರಡಿ, ಸುಮಾರು ಒಂದು ಮಿಲಿಮೀಟರ್ ದಪ್ಪದ ಬೆಳಕಿನ ಹಾಳೆಯಾಗುತ್ತದೆ. ಈ ಹಾಳೆ ಹರಿವನ್ನು ಸೀಳುತ್ತದೆ. ಹಾಳೆಯೊಳಗೆ ಬಿದ್ದ ಕಣಗಳು ಮಾತ್ರ ಹೊಳೆಯುತ್ತವೆ, ಹಿಂದಿನವೂ ಮುಂದಿನವೂ ಕತ್ತಲಲ್ಲಿ ಉಳಿಯುತ್ತವೆ. ಹಾಳೆಗೆ ಲಂಬವಾಗಿ ಕ್ಯಾಮೆರಾ ನಿಂತಿರುತ್ತದೆ. ಸಾಮಾನ್ಯವಾಗಿ ಬಳಸುವುದು ನಿಯೋಡಿಮಿಯಂ ಯಾಗ್ ಲೇಸರ್; ಅದರ ಮೂಲ ಬೆಳಕು 1064 ನ್ಯಾನೊಮೀಟರ್ ತರಂಗಾಂತರದ ಅವಕೆಂಪು, ಅದನ್ನು ಹರಳೊಂದರ ಮೂಲಕ ಹಾಯಿಸಿ 532 ನ್ಯಾನೊಮೀಟರಿನ ಹಸಿರಾಗಿಸುತ್ತಾರೆ. ಒಂದೊಂದು ಮಿಂಚಿನ ಅವಧಿ ಹತ್ತು ನ್ಯಾನೊಸೆಕೆಂಡಿಗಿಂತ ಕಡಿಮೆ. ಸೆಕೆಂಡಿಗೆ 20 ಮೀಟರ್ ವೇಗದ ಗಾಳಿ ಆ ಅವಧಿಯಲ್ಲಿ ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಭಾಗ) ಐದನೆಯ ಒಂದು ಭಾಗದಷ್ಟೂ ಸರಿಯುವುದಿಲ್ಲ. ಹಾಗಾಗಿ ಕಣ ಗೆರೆಯಾಗಿ ಎಳೆದುಕೊಳ್ಳದೆ ಚುಕ್ಕೆಯಾಗಿಯೇ ಮೂಡುತ್ತದೆ.

ಒಂದೇ ಪೆಟ್ಟಿಗೆಯಲ್ಲಿ ಇಂಥ ಎರಡು ಲೇಸರ್‌ಗಳನ್ನು ಜೋಡಿಸಿರುತ್ತಾರೆ. ಕಾರಣ, ಇಂಥ ಒಂದು ಲೇಸರ್ ಸೆಕೆಂಡಿಗೆ ಹತ್ತು ಹದಿನೈದು ಸಲ ಮಾತ್ರ ಮಿಂಚಬಲ್ಲದು, ನಮಗೆ ಬೇಕಿರುವ ಅಂತರವೋ ಮೈಕ್ರೊಸೆಕೆಂಡುಗಳದ್ದು. ಕ್ಯಾಮೆರಾದ್ದೂ ಅದೇ ಪಾಡು. ಅದಕ್ಕೆ 1990ರ ದಶಕದಲ್ಲಿ ಒಂದು ಜಾಣ ದಾರಿ ಸಿಕ್ಕಿತು: ಮೊದಲ ಚಿತ್ರದ ಅವಧಿ ಮುಗಿಯುವ ಕೊನೆಯ ಗಳಿಗೆಯಲ್ಲಿ ಒಂದು ಮಿಂಚು, ಎರಡನೆಯ ಚಿತ್ರ ಶುರುವಾದ ತಕ್ಷಣ ಇನ್ನೊಂದು ಮಿಂಚು. ಕ್ಯಾಮೆರಾ ನಿಧಾನದ್ದೇ, ಆದರೆ ಎರಡು ಚಿತ್ರಗಳ ಗಡಿಯ ಎರಡೂ ಬದಿಗೆ ಒತ್ತಿಕೊಂಡಂತೆ ಬೆಳಕು ಬಿದ್ದುದರಿಂದ ಅಂತರ ಅತಿ ಕಡಿಮೆಯಾಯಿತು.

ಇನ್ನು ಕಣ. ನೀರಿಗಾದರೆ ಸುಮಾರು 10 ಮೈಕ್ರಾನ್ ವ್ಯಾಸದ ಟೊಳ್ಳು ಗಾಜಿನ ಗೋಲಿಗಳು ಸಾಕು; ಅವುಗಳ ಸಾಂದ್ರತೆ ನೀರಿಗೆ ಹತ್ತಿರ, ಹಾಗಾಗಿ ಅವು ತಳಕ್ಕೆ ಇಳಿಯುವ ವೇಗ ಸೆಕೆಂಡಿಗೆ ಕೆಲವೇ ಮೈಕ್ರಾನ್. ಗಾಳಿಯಲ್ಲಿ ಆ ಸೌಕರ್ಯವಿಲ್ಲ. ಗಾಳಿಯಷ್ಟೇ ಹಗುರವಾದ ಪುಡಿ ಎಲ್ಲಿಂದ ಬರಬೇಕು? ಅಲ್ಲಿ ಗಾತ್ರ ಕುಗ್ಗಿಸುವುದೊಂದೇ ಉಪಾಯ. ಎಣ್ಣೆಯನ್ನು ಸುಮಾರು ಒಂದು ಮೈಕ್ರಾನಿನ ಹನಿಗಳಾಗಿ ಒಡೆದು ಮಂಜಿನಂತೆ, ಪರೀಕ್ಷೆಗಾಗಿ ಗಾಳಿ ಹಾಯಿಸುವ ಸುರಂಗವಾದ ವಿಂಡ್ ಟನಲ್‌ಗೆ ಬಿಡುತ್ತಾರೆ. ಅಡುಗೆಮನೆಯ ಆಲಿವ್ ಎಣ್ಣೆ ಈ ಕೆಲಸಕ್ಕೆ ದಶಕಗಳಿಂದ ಒದಗಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರಕ್ಕೆ ಅಡುಗೆ ಎಣ್ಣೆ ಹಾಕುವುದರಲ್ಲಿ ನನಗಂತೂ ಒಂದು ಸಮಾಧಾನವಿದೆ.

ಗಾತ್ರ ಯಾಕೆ ಅಷ್ಟು ಮುಖ್ಯ? ಹರಿವಿನ ವೇಗ ಬದಲಾದಾಗ ಕಣ ಅದಕ್ಕೆ ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತು ಕಣದ ವ್ಯಾಸದ ವರ್ಗಕ್ಕೆ ಅನುಗುಣ: ವ್ಯಾಸ ಹತ್ತು ಪಟ್ಟಾದರೆ ವಿಳಂಬ ನೂರು ಪಟ್ಟು. ಒಂದು ಮೈಕ್ರಾನಿನ ಎಣ್ಣೆ ಹನಿಗೆ ಗಾಳಿಯಲ್ಲಿ ಸುಮಾರು 3 ಮೈಕ್ರೊಸೆಕೆಂಡ್ ಬೇಕು; 10 ಮೈಕ್ರಾನಿನದಕ್ಕೆ ಸುಮಾರು 300. ಮೂರು ಮೈಕ್ರೊಸೆಕೆಂಡ್ ಯಾವ ಲೆಕ್ಕ ಎನಿಸಬಹುದು. ಆದರೆ ಶಬ್ದಾತೀತ ಹರಿವಿನ ಆಘಾತ ತರಂಗವನ್ನು ತೆಗೆದುಕೊಳ್ಳಿ. ಅಲ್ಲಿ ಗಾಳಿಯ ವೇಗ ಮೈಕ್ರಾನಿಗಿಂತ ಕಡಿಮೆ ದೂರದಲ್ಲಿ ಧಡಕ್ಕನೆ ಇಳಿಯುತ್ತದೆ. ಸೆಕೆಂಡಿಗೆ 500 ಮೀಟರ್ ವೇಗದಲ್ಲಿ ಬರುತ್ತಿರುವ ಹನಿ ಆ ಮೂರು ಮೈಕ್ರೊಸೆಕೆಂಡಿನಲ್ಲಿ ಒಂದೂವರೆ ಮಿಲಿಮೀಟರ್ ಮುಂದೆ ಹೋಗಿಬಿಟ್ಟಿರುತ್ತದೆ. ಚಿತ್ರದಲ್ಲಿ ಆಘಾತ ತರಂಗ ಮಿಲಿಮೀಟರುಗಟ್ಟಲೆ ದಪ್ಪವಾಗಿ ಕಾಣುತ್ತದೆ. ದಪ್ಪಗಾಗಿರುವುದು ತರಂಗವಲ್ಲ, ಹನಿಯ ಜಡತ್ವ. ಬಿರುಸಿನ ಸುಳಿಗಳದ್ದು ಇನ್ನೊಂದು ಕಥೆ: ಗಾಳಿಗಿಂತ ಭಾರವಾದ ಹನಿಗಳು ಸುಳಿಯ ನಡುವಿನಿಂದ ಹೊರಕ್ಕೆ ಎಸೆಯಲ್ಪಡುತ್ತವೆ. ಫೋಟೊದಲ್ಲಿ ಸುಳಿಯ ನಟ್ಟನಡುವೆ ಕಪ್ಪು ರಂಧ್ರ ಕಾಣುತ್ತದೆ. ಯಾವ ಜಾಗ ಹೆಚ್ಚು ಬೇಕಿತ್ತೋ ಅಲ್ಲಿಯೇ ಸಾಕ್ಷಿಗಳಿಲ್ಲ!

ಹಾಗಾದರೆ ಇನ್ನೂ ಚಿಕ್ಕ ಕಣ ಹಾಕಬಾರದೇ? ಹಾಕಬಹುದು, ಆದರೆ ಕಣ ಕುಗ್ಗಿದಂತೆ ಅದು ಚದುರಿಸುವ ಬೆಳಕು ಅದಕ್ಕಿಂತ ವೇಗವಾಗಿ ಕುಗ್ಗುತ್ತದೆ. ಕ್ಯಾಮೆರಾಕ್ಕೆ ಕಾಣದ ಸಾಕ್ಷಿಯಿಂದ ಪ್ರಯೋಜನವಿಲ್ಲ. ಅದೂ ಅಲ್ಲದೆ ಇಂಥ ಕಣಗಳು ಬೆಳಕನ್ನು ಹೆಚ್ಚಾಗಿ ಚದುರಿಸುವುದು ಮುಂದಕ್ಕೆ, ಕಿರಣ ಹೋಗುತ್ತಿರುವ ದಿಕ್ಕಿಗೇ. ನಮ್ಮ ಕ್ಯಾಮೆರಾ ನಿಂತಿರುವುದು ಪಕ್ಕದಲ್ಲಿ, ಬೆಳಕು ತೀರಾ ಕಡಿಮೆ ಬರುವ ಕಡೆ. ಅಷ್ಟು ಬಲವಾದ ಲೇಸರ್ ಬೇಕಾಗುವುದು ಇದರಿಂದಲೇ.

ಈಗ ಗುರುತಿಸುವ ಪ್ರಶ್ನೆ. ಎರಡೂ ಫೋಟೊಗಳಲ್ಲಿ ಇರುವುದು ಕಪ್ಪು ಹಿನ್ನೆಲೆಯ ಮೇಲೆ ಸಾವಿರಾರು ಬಿಳಿ ಚುಕ್ಕೆಗಳು, ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಇಲ್ಲಿಯ ಈ ಚುಕ್ಕೆ ಅಲ್ಲಿಯ ಯಾವ ಚುಕ್ಕೆ ಎಂದು ಹೇಗೆ ಹೇಳುವುದು? ಪಿಐವಿ ಕೊಡುವ ಉತ್ತರ: ಹೇಳಬೇಕಾಗಿಲ್ಲ. ಆಕಾಶದಲ್ಲಿ ಸಪ್ತರ್ಷಿ ಮಂಡಲವನ್ನು ನಾವು ಗುರುತಿಸುವುದು ಒಂದೊಂದು ನಕ್ಷತ್ರದ ಮುಖ ನೋಡಿ ಅಲ್ಲ, ಏಳೂ ನಿಂತಿರುವ ಕ್ರಮದಿಂದ. ಕಣಗಳ ಗುಂಪಿಗೂ ಅಂಥದೊಂದು ಕ್ರಮವಿದೆ, ಮತ್ತು ಅತಿ ಕಡಿಮೆ ಅಂತರದಲ್ಲಿ ಆ ಕ್ರಮ ಬಹುಮಟ್ಟಿಗೆ ಕೆಡದೆ ಇಡಿಯಾಗಿ ಸರಿಯುತ್ತದೆ.

ಆದ್ದರಿಂದ ಫೋಟೊವನ್ನು ಸಣ್ಣ ಚೌಕಗಳಾಗಿ ಹಂಚುತ್ತಾರೆ, ಉದಾಹರಣೆಗೆ 32 ಪಿಕ್ಸೆಲ್ ಅಗಲ, 32 ಪಿಕ್ಸೆಲ್ ಎತ್ತರ. ಮೊದಲ ಫೋಟೊದ ಒಂದು ಚೌಕವನ್ನು ಎರಡನೆಯ ಫೋಟೊದ ಅದೇ ಜಾಗದ ಮೇಲೆ ಇಟ್ಟು, ಒಂದರ ಮೇಲೊಂದು ಬಿದ್ದ ಪಿಕ್ಸೆಲ್‌ಗಳ ಹೊಳಪನ್ನು ಗುಣಿಸಿ, ಎಲ್ಲ ಗುಣಲಬ್ಧಗಳನ್ನು ಕೂಡುತ್ತಾರೆ. ಚುಕ್ಕೆಯ ಮೇಲೆ ಚುಕ್ಕೆ ಬಿದ್ದರೆ ಮೊತ್ತ ದೊಡ್ಡದು. ಚುಕ್ಕೆಯ ಮೇಲೆ ಕತ್ತಲು ಬಿದ್ದರೆ ಅದರ ಪಾಲು ಸೊನ್ನೆಗೆ ಹತ್ತಿರ. ಆಮೇಲೆ ಚೌಕವನ್ನು ಒಂದು ಪಿಕ್ಸೆಲ್ ಬಲಕ್ಕೆ ಸರಿಸಿ ಮತ್ತೆ ಅದೇ ಲೆಕ್ಕ. ಇನ್ನೊಂದು ಪಿಕ್ಸೆಲ್, ಮತ್ತೊಂದು. ಎಡಕ್ಕೆ, ಮೇಲಕ್ಕೆ, ಕೆಳಕ್ಕೆ. ಎಲ್ಲ ಸರಿತಗಳ (ಸರಿಸಿದ ದೂರಗಳ) ಮೊತ್ತಗಳನ್ನು ನಕ್ಷೆಯಾಗಿ ಬರೆದರೆ ಅಲ್ಲಲ್ಲಿ ಸಣ್ಣ ದಿಬ್ಬಗಳು, ಒಂದೆಡೆ ಮಾತ್ರ ಎದ್ದು ಕಾಣುವ ಶಿಖರ. ಸಣ್ಣ ದಿಬ್ಬಗಳು ಆಕಸ್ಮಿಕ ಹೊಂದಾಣಿಕೆಗಳು. ಶಿಖರ ಇರುವ ಜಾಗವೇ ಕಣಗಳ ಗುಂಪು ನಿಜವಾಗಿ ಸರಿದ ದೂರ ಮತ್ತು ದಿಕ್ಕು. ಈ ಲೆಕ್ಕಕ್ಕೆ ಕ್ರಾಸ್ ಕೋರಿಲೇಷನ್ ಎನ್ನುತ್ತಾರೆ. ಶಿಖರ ಸ್ಪಷ್ಟವಾಗಿ ಏಳಬೇಕಾದರೆ ಚೌಕವೊಂದರಲ್ಲಿ ಎಂಟು ಹತ್ತು ಕಣಗಳಾದರೂ ಇರಬೇಕು ಎಂಬುದು ಈ ಕೆಲಸ ಮಾಡುವವರ ಕೈಲೆಕ್ಕ.

ಒಂದು ಚೌಕವನ್ನು ಅಂಕಿಗಳಲ್ಲೇ ನೋಡಿಬಿಡೋಣ. ನೀರಿನ ಕಾಲುವೆಯೊಂದರ ಚಿತ್ರ. 2048 ಪಿಕ್ಸೆಲ್ ಅಗಲ, ಅಷ್ಟೇ ಎತ್ತರದ ಕ್ಯಾಮೆರಾ ಸುಮಾರು 205 ಮಿಲಿಮೀಟರ್ ಅಗಲದ ಜಾಗವನ್ನು ನೋಡುತ್ತಿದೆ. ಅಂದರೆ ಒಂದು ಪಿಕ್ಸೆಲ್ ಎಂದರೆ 0.1 ಮಿಲಿಮೀಟರ್. ಎರಡು ಮಿಂಚುಗಳ ನಡುವೆ 2 ಮಿಲಿಸೆಕೆಂಡ್. ಶಿಖರ 8 ಪಿಕ್ಸೆಲ್ ಸರಿತದಲ್ಲಿ ಸಿಕ್ಕಿತು, ಎತ್ತರ 0.80 (ಪೂರ್ತಿ ಹೊಂದಿದರೆ 1 ಎಂಬ ಅಳತೆಯಲ್ಲಿ). ಅದರ ಎಡ ನೆರೆಯಲ್ಲಿ, 7 ಪಿಕ್ಸೆಲ್‌ನಲ್ಲಿ, ಎತ್ತರ 0.52, ಬಲ ನೆರೆಯಲ್ಲಿ, 9 ಪಿಕ್ಸೆಲ್‌ನಲ್ಲಿ, 0.60. ಬಲಗಡೆಯದು ಎಡಗಡೆಯದಕ್ಕಿಂತ ಎತ್ತರವಿದೆ ಎಂದರೆ ನಿಜವಾದ ತುದಿ 8ಕ್ಕಿಂತ ತುಸು ಬಲಕ್ಕೆ ಇರಬೇಕು. ಮೂರೂ ಬಿಂದುಗಳ ಮೂಲಕ ಗಂಟೆಯಾಕಾರದ ಗಾಸಿಯನ್ ವಕ್ರರೇಖೆಯನ್ನು ಹಾಯಿಸಿದರೆ ತುದಿ 8.1ಕ್ಕೆ ಬರುತ್ತದೆ. ಸರಿದ ದೂರ 0.81 ಮಿಲಿಮೀಟರ್, 2 ಮಿಲಿಸೆಕೆಂಡಿನಿಂದ ಭಾಗಿಸಿದರೆ ಸೆಕೆಂಡಿಗೆ 0.405 ಮೀಟರ್. ಪಿಕ್ಸೆಲ್‌ಗಿಂತ ಸಣ್ಣ ದೂರವನ್ನು ಪಿಕ್ಸೆಲ್‌ಗಳಿಂದಲೇ ಅಳೆದಂತಾಯಿತು. ಪಿಐವಿಯ ನಿಖರತೆ ಬಹುಪಾಲು ನಿಂತಿರುವುದು ಈ ಒಂದು ಚಮತ್ಕಾರದ ಮೇಲೆ. ಪಿಕ್ಸೆಲ್‌ನ ಹತ್ತನೆಯ ಒಂದು ಭಾಗ ಸಾಮಾನ್ಯವಾಗಿ ಕೈಗೆ ಸಿಗುತ್ತದೆ.

ಆದರೆ ಇದಕ್ಕೂ ಷರತ್ತಿದೆ. ಕಣದ ಚಿತ್ರ ಎರಡು ಮೂರು ಪಿಕ್ಸೆಲ್‌ಗಳಷ್ಟು ಹರಡಿರಬೇಕು. ಕ್ಯಾಮೆರಾವನ್ನು ಅತಿ ಚೂಪಾಗಿ ಫೋಕಸ್ ಮಾಡಿ ಪ್ರತಿ ಕಣ ಒಂದೇ ಪಿಕ್ಸೆಲ್‌ನೊಳಗೆ ಕೂತರೆ, ಆ ಕಣ ಪಿಕ್ಸೆಲ್‌ನ ಎಡ ಅಂಚಿನಲ್ಲಿದೆಯೋ ಬಲ ಅಂಚಿನಲ್ಲಿದೆಯೋ ಎಂದು ತಿಳಿಯುವ ದಾರಿಯೇ ಇರುವುದಿಲ್ಲ. ಆಗ ಫಲಿತಾಂಶಗಳೆಲ್ಲ 7, 8, 9 ಎಂಬ ಪೂರ್ಣಾಂಕಗಳ ಕಡೆಗೆ ವಾಲುತ್ತವೆ. ಸರಿತಗಳ ಹಂಚಿಕೆಯ ನಕ್ಷೆ ಹಾಕಿದರೆ ಪೂರ್ಣಾಂಕಗಳಲ್ಲಿ ಕಂಬಗಳು ಎದ್ದು ನಿಂತು ಗುಟ್ಟು ರಟ್ಟಾಗುತ್ತದೆ. ಯಾವುದೇ ಪಿಐವಿ ಫಲಿತಾಂಶ ಕೈಗೆ ಬಂದಾಗ ಬಣ್ಣದ ಚಿತ್ರಕ್ಕಿಂತ ಮೊದಲು ಈ ನಕ್ಷೆಯನ್ನು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಎರಡು ಮಿಂಚುಗಳ ಅಂತರ ಎಷ್ಟಿರಬೇಕು ಎಂಬುದೂ ಇಲ್ಲಿಂದಲೇ ಹೊರಡುತ್ತದೆ. ಅಂತರ ತೀರಾ ಕಡಿಮೆಯಾಗಿ ಕಣಗಳು ಒಂದೇ ಪಿಕ್ಸೆಲ್ ಸರಿದರೆ, 0.1 ಪಿಕ್ಸೆಲ್ ತಪ್ಪು ಎಂದರೆ ಶೇಕಡಾ 10 ತಪ್ಪು. ಎಂಟು ಪಿಕ್ಸೆಲ್ ಸರಿದರೆ ಅದೇ ತಪ್ಪು ಶೇಕಡಾ 1ರ ಆಸುಪಾಸಿಗೆ ಇಳಿಯುತ್ತದೆ. ಹಾಗೆಂದು ಇನ್ನೂ ಹೆಚ್ಚಿಸುತ್ತ ಹೋದರೆ ಕಣಗಳು ಚೌಕವನ್ನೇ ಬಿಟ್ಟು ಆಚೆ ಹೋಗುತ್ತವೆ, ಇಲ್ಲವೇ ಬೆಳಕಿನ ಹಾಳೆಯಿಂದ ಹೊರಬಿದ್ದು ಕಣ್ಮರೆಯಾಗುತ್ತವೆ. ಸರಿತ ಚೌಕದ ಅಗಲದ ಕಾಲುಭಾಗ ಮೀರಬಾರದು ಎಂಬ ನಿಯಮ ಹೀಗೆ ಬಂದದ್ದು. 32 ಪಿಕ್ಸೆಲ್ ಚೌಕಕ್ಕೆ 8 ಪಿಕ್ಸೆಲ್. ಈಗಿನ ತಂತ್ರಾಂಶಗಳು ಮೊದಲು ದೊಡ್ಡ ಚೌಕದಲ್ಲಿ ಸ್ಥೂಲವಾಗಿ ಅಳೆದು, ಆ ಉತ್ತರದಷ್ಟು ಚೌಕವನ್ನು ಸರಿಸಿಟ್ಟುಕೊಂಡು, ಮತ್ತೆ ಚಿಕ್ಕ ಚೌಕದಲ್ಲಿ ಸೂಕ್ಷ್ಮವಾಗಿ ಅಳೆಯುತ್ತವೆ. ಅದರಿಂದ ಈ ನಿಯಮ ಸಾಕಷ್ಟು ಸಡಿಲವಾಗಿದೆ.

ಲೆಕ್ಕದ ಭಾರವೂ ಸಣ್ಣದಲ್ಲ. ಚೌಕಗಳನ್ನು ಅರ್ಧರ್ಧ ಒಂದರ ಮೇಲೊಂದು ಹೊಂದಿಸಿದರೆ ಮೇಲಿನ ಚಿತ್ರದಿಂದ ವೇಗ ಮತ್ತು ದಿಕ್ಕನ್ನು ತೋರಿಸುವ ಸುಮಾರು 16 ಸಾವಿರ ಬಾಣಗಳು ಸಿಗುತ್ತವೆ. ಪ್ರತಿ ಚೌಕಕ್ಕೂ ಎಲ್ಲ ಸರಿತಗಳನ್ನು ನೇರವಾಗಿ ಗುಣಿಸಿ ನೋಡಿದರೆ ಸುಮಾರು ಹತ್ತು ಲಕ್ಷ ಗುಣಾಕಾರ; ಒಟ್ಟು 1,700 ಕೋಟಿಯ ಹತ್ತಿರ. ಚಿತ್ರವನ್ನು ಅಲೆಗಳ ಮೊತ್ತವಾಗಿ ಬರೆಯುವ ಫೂರಿಯರ್ ಪರಿವರ್ತನೆಯ ಅಡ್ಡದಾರಿ ಹಿಡಿದರೆ ಚೌಕವೊಂದರ ಕೆಲಸ ಕೆಲವು ಹತ್ತು ಸಾವಿರಗಳಲ್ಲಿ ಮುಗಿಯುತ್ತದೆ.

ಕಂಪ್ಯೂಟರ್‌ಗೆ ಇಷ್ಟು ತ್ರಾಣ ಇಲ್ಲದ ಕಾಲದಲ್ಲಿ ಈ ಲೆಕ್ಕವನ್ನು ಬೆಳಕಿನಿಂದಲೇ ಮಾಡಿಸುತ್ತಿದ್ದರು. ಲೇಸರ್ ಬೆಳಕು ಒರಟು ಮೈಯ ಮೇಲೆ ಬಿದ್ದಾಗ ಕಾಣುವ ಮಿಣುಕು ಚುಕ್ಕೆಗಳನ್ನು ಬಳಸಿ ದ್ರವದ ವೇಗ ಅಳೆಯಬಹುದು ಎಂದು 1977ರಲ್ಲಿ ಮೂರು ತಂಡಗಳು ಪ್ರತ್ಯೇಕವಾಗಿ ತೋರಿಸಿದವು. ಅಂದಹಾಗೆ, ಲೇಸರ್ ಹುಟ್ಟುವುದಕ್ಕೆ ಮುಂಚೆಯೇ, 1943ರಲ್ಲಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಶಿಷ್ಯ ಜಿ.ಎನ್. ರಾಮಚಂದ್ರನ್ ಸಣ್ಣ ಕಣಗಳಿಂದ ಚದುರಿದ ಬೆಳಕಿನ ಬಳೆಗಳಲ್ಲಿ ಕಾಣುವ ಇಂಥದೇ ಏರಿಳಿತಗಳ ಬಗ್ಗೆ ಪ್ರಬಂಧ ಬರೆದಿದ್ದರು. 1984ರಲ್ಲಿ ಅಮೆರಿಕದ ರೊನಾಲ್ಡ್ ಏಡ್ರಿಯನ್, ನಿಜವಾದ ಹರಿವುಗಳಲ್ಲಿ ಕಣಗಳು ಅಷ್ಟು ದಟ್ಟವಾಗಿರುವುದಿಲ್ಲ, ಕಾಣುವುದು ಮಿಣುಕಿನ ವಿನ್ಯಾಸವಲ್ಲ, ಬಿಡಿ ಕಣಗಳ ಚಿತ್ರಗಳೇ ಎಂದು ತೋರಿಸಿದರು. ವಿಧಾನಕ್ಕೆ ಈಗಿನ ಹೆಸರು ಬಂದದ್ದು ಆಗಲೇ. ಆ ದಿನಗಳಲ್ಲಿ ಎರಡೂ ಮಿಂಚುಗಳನ್ನು ಒಂದೇ ಫಿಲ್ಮಿನ ಮೇಲೆ ಹಿಡಿಯುತ್ತಿದ್ದರು. ತೊಳೆದ ಫಿಲ್ಮಿನ ಒಂದು ಬಿಂದುವಿಗೆ ಸಣ್ಣ ಲೇಸರ್ ಕಿರಣ ಹಾಯಿಸಿದರೆ ಗೋಡೆಯ ಮೇಲೆ ಪಟ್ಟೆಪಟ್ಟೆಯಾಗಿ ಬೆಳಕು ಮೂಡುತ್ತಿತ್ತು. ಪಟ್ಟೆಗಳು ಒತ್ತಾಗಿದ್ದರೆ ಕಣಗಳು ದೂರ ಸರಿದಿವೆ, ವಿರಳವಾಗಿದ್ದರೆ ಹತ್ತಿರ. ಪಟ್ಟೆಗೆ ಲಂಬವಾದದ್ದು ಚಲನೆಯ ದಿಕ್ಕು. ಫಿಲ್ಮನ್ನು ಚೂರುಚೂರು ಸರಿಸುತ್ತ ಸಾವಿರಾರು ಬಿಂದುಗಳನ್ನು ಓದಬೇಕಿತ್ತು. ಅಷ್ಟೆಲ್ಲ ಮಾಡಿದರೂ ಒಂದು ಸಂಗತಿ ತಿಳಿಯುತ್ತಿರಲಿಲ್ಲ: ಒಂದೇ ಫಿಲ್ಮಿನ ಎರಡು ಚುಕ್ಕೆಗಳಲ್ಲಿ ಮೊದಲು ಬಿದ್ದದ್ದು ಯಾವುದು? ಹರಿವು ಎಡದಿಂದ ಬಲಕ್ಕೋ ಬಲದಿಂದ ಎಡಕ್ಕೋ? ಸುಳಿ ಇರುವ ಕಡೆ ಇದು ಪ್ರಾಣಸಂಕಟ. ತಿರುಗುವ ಕನ್ನಡಿಯಿಂದ ಎರಡನೆಯ ಚಿತ್ರವನ್ನು ಬೇಕೆಂದೇ ಒಂದು ಬದಿಗೆ ತಳ್ಳಿ, ಆಮೇಲೆ ಆ ತಳ್ಳುವಿಕೆಯನ್ನು ಕಳೆಯುವ ಸಾಹಸಗಳೆಲ್ಲ ನಡೆದವು. 1991ರಲ್ಲಿ ವಿಲರ್ಟ್ ಮತ್ತು ಘರೀಬ್ ಫಿಲ್ಮನ್ನು ಬಿಟ್ಟು ವಿಡಿಯೊ ಕ್ಯಾಮೆರಾದ ಬೇರೆಬೇರೆ ಚಿತ್ರಗಳನ್ನು ನೇರವಾಗಿ ಕಂಪ್ಯೂಟರ್‌ನಲ್ಲಿ ಹೋಲಿಸಿದರು. ಕನ್ನಡಿಗಳು ಮೂಲೆ ಸೇರಿದವು.

ಅಲ್ಲಿಂದ ಈಚೆಗೆ ವಿಧಾನ ಎಲ್ಲ ದಿಕ್ಕಿಗೂ ಬೆಳೆದಿದೆ. ಎರಡು ಕ್ಯಾಮೆರಾಗಳನ್ನು ಓರೆಯಾಗಿಟ್ಟರೆ ಹಾಳೆಯೊಳಗಿನ ವೇಗದ ಜೊತೆಗೆ ಹಾಳೆಯನ್ನು ದಾಟುವ ವೇಗವೂ ಸಿಗುತ್ತದೆ. 1998ರಲ್ಲಿ ಸೂಕ್ಷ್ಮದರ್ಶಕದಡಿ ಕೂದಲೆಳೆಯಂಥ ಕಾಲುವೆಗಳ ಹರಿವನ್ನು ಅಳೆಯುವುದು ಸಾಧ್ಯವಾಯಿತು. 2006ರಲ್ಲಿ ನೆದರ್ಲೆಂಡ್ಸ್‌ನ ಡೆಲ್ಫ್ಟ್ ತಂಡ ಹಾಳೆಯ ಬದಲು ದಪ್ಪನೆಯ ಬೆಳಕಿನ ಗಟ್ಟಿಯನ್ನೇ ಬಳಸಿ, ಹಲವು ಕ್ಯಾಮೆರಾಗಳ ಚಿತ್ರಗಳಿಂದ ಮೂರು ಆಯಾಮದ ಹರಿವನ್ನು ಕಟ್ಟಿಕೊಟ್ಟಿತು. ಕೃತಕ ಹೃದಯ ಕವಾಟಗಳ ಪರೀಕ್ಷೆಯಲ್ಲಿ ಪಿಐವಿಗೆ ದೊಡ್ಡ ಪಾತ್ರವಿದೆ. ಕವಾಟದ ಅಂಚಿನಲ್ಲಿ ಹರಿವು ಅತಿ ಬಿರುಸಾದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಎಲ್ಲಾದರೂ ನಿಂತರೆ ರಕ್ತ ಹೆಪ್ಪುಗಟ್ಟುತ್ತದೆ. ರಕ್ತದ ಮೂಲಕ ಲೇಸರ್ ಹಾಯುವುದಿಲ್ಲವಲ್ಲ, ಅದಕ್ಕೆ ಸಿಲಿಕೋನಿನ ಪಾರದರ್ಶಕ ರಕ್ತನಾಳ ಮಾಡಿ ಗ್ಲಿಸರಿನ್ ಬೆರೆಸಿದ ನೀರು ಹರಿಸುತ್ತಾರೆ. ಮಿಶ್ರಣ ಸರಿಯಾಗಿ ಕೂತರೆ ಎರಡರ ವಕ್ರೀಭವನ ಸೂಚ್ಯಂಕವೂ (ಬೆಳಕನ್ನು ಬಾಗಿಸುವ ಪ್ರಮಾಣ) ಒಂದೇ ಆಗಿ ನಾಳದ ಗೋಡೆಯೇ ಕಾಣದಂತಾಗುತ್ತದೆ. ಸ್ವೀಡನ್ನಿನ ಲುಂಡ್‌ನಲ್ಲಿ ವಿಂಡ್ ಟನಲ್‌ನೊಳಗೆ ಹಾರಲು ಕಲಿತ ಹಕ್ಕಿಯ ಬೆನ್ನ ಹಿಂದಿನ ಗಾಳಿಯನ್ನು ಹೀಗೆಯೇ ಅಳೆದು, ರೆಕ್ಕೆ ಬಡಿತ ಬಿಟ್ಟುಹೋಗುವ ಸುಳಿಗಳ ವಿನ್ಯಾಸ ಹಾರಾಟದ ವೇಗದೊಂದಿಗೆ ಹೇಗೆ ಬದಲಾಗುತ್ತದೆ ಎಂದು 2003ರಲ್ಲಿ ವಿವರಿಸಿದರು.

ಲೇಸರ್ ಇಲ್ಲದೆಯೂ ಇದೇ ಗಣಿತ ದುಡಿಯುತ್ತದೆ. ಪ್ರವಾಹದ ನದಿಗೆ ಉಪಕರಣ ಇಳಿಸುವುದು ಅಪಾಯ. ದಡದ ಕ್ಯಾಮೆರಾದಿಂದ ನೊರೆ, ಎಲೆ, ಕಸಗಳ ಚಿತ್ರ ತೆಗೆದು ಮೇಲ್ಮೈ ವೇಗ ಅಳೆಯುತ್ತಾರೆ. ಇನ್ನೂ ಮೇಲಕ್ಕೆ ಹೋದರೆ, ಹಾಸನದ ಕೇಂದ್ರದಿಂದ ನಿಯಂತ್ರಿಸುವ ಇನ್ಸಾಟ್ ಸರಣಿಯ ಹವಾಮಾನ ಉಪಗ್ರಹಗಳು ಅರ್ಧ ಗಂಟೆಗೊಂದರಂತೆ ಕಳಿಸುವ ಚಿತ್ರಗಳಲ್ಲಿ ಮೋಡದ ತುಣುಕುಗಳು ಎಷ್ಟು ಸರಿದವು ಎಂದು ನೋಡಿ ಮೇಲ್ಗಾಳಿಯ ವೇಗ ಲೆಕ್ಕ ಹಾಕುತ್ತಾರೆ. ಅಲ್ಲಿ ತೊಡಕು ವೇಗದ್ದಲ್ಲ, ಆ ಮೋಡ ಎಷ್ಟು ಎತ್ತರದಲ್ಲಿತ್ತು ಎಂಬುದರದ್ದು.

ಬಣ್ಣದ ಚಿತ್ರಗಳ ಬಗ್ಗೆ ನನ್ನದೊಂದು ತಕರಾರಿದೆ. ಕೋರಿಲೇಷನ್ ಕೆಲವೊಮ್ಮೆ ಸುಳ್ಳು ಶಿಖರವನ್ನು ಆರಿಸುತ್ತದೆ. ಎಲ್ಲ ಬಾಣಗಳೂ ಬಲಕ್ಕಿರುವಾಗ ಒಂದು ಮಾತ್ರ ನೆಟ್ಟಗೆ ಮೇಲಕ್ಕೆ ನಿಲ್ಲುತ್ತದೆ. ತಂತ್ರಾಂಶ ಪ್ರತಿ ಬಾಣವನ್ನೂ ಸುತ್ತಲಿನ ಎಂಟು ನೆರೆಯವರ ಮಧ್ಯಾಂಕದೊಂದಿಗೆ ಹೋಲಿಸಿ ಇಂಥವನ್ನು ಕಿತ್ತುಹಾಕುತ್ತದೆ. ಅದು ನ್ಯಾಯವೇ. ಆದರೆ ಖಾಲಿಯಾದ ಜಾಗವನ್ನು ನೆರೆಯವರ ಸರಾಸರಿಯಿಂದ ತುಂಬಿ, ಆಮೇಲೆ ಇಡೀ ಚಿತ್ರವನ್ನು ನಯಗೊಳಿಸಿ, ಬಣ್ಣ ಹಚ್ಚಿದ ಮೇಲೆ, ಅಳೆದದ್ದು ಯಾವುದು ತುಂಬಿದ್ದು ಯಾವುದು ಎಂದು ನೋಡುವವರಿಗೆ ತಿಳಿಯುವುದಿಲ್ಲ. ಗೋಡೆಯ ಹತ್ತಿರ ಲೇಸರ್ ಪ್ರತಿಫಲಿಸಿ ಕಣಗಳೇ ಕಾಣದ ಪಟ್ಟಿಯಲ್ಲೂ ಬಾಣಗಳು ಶಿಸ್ತಾಗಿ ನಿಂತಿರುತ್ತವೆ. ತುಂಬಿದ ಬಾಣಗಳನ್ನು ಬೇರೆ ಬಣ್ಣದಲ್ಲಿ ತೋರಿಸುವುದು ಕಷ್ಟದ ಕೆಲಸವೇನಲ್ಲ; ಮಾಡುವವರು ಕಡಿಮೆ. ಗೋಡೆಯ ಸಮಸ್ಯೆಗಾದರೆ ನೀರಿನಲ್ಲಿ ಒಳ್ಳೆಯ ಮದ್ದಿದೆ. ರೋಡಮಿನ್ ಬಣ್ಣ ಸೇರಿಸಿದ ಕಣಗಳು ಹಸಿರು ಬೆಳಕು ನುಂಗಿ ಕಿತ್ತಳೆ ಬೆಳಕು ಬೀರುತ್ತವೆ. ಕ್ಯಾಮೆರಾಕ್ಕೆ ಹಸಿರನ್ನು ತಡೆಯುವ ಫಿಲ್ಟರ್ ಹಾಕಿದರೆ ಗೋಡೆ ಕತ್ತಲಾಗಿ ಕಣಗಳು ಮಾತ್ರ ಉಳಿಯುತ್ತವೆ.

ಇದನ್ನು ಮನೆಯಲ್ಲಿ ಅಥವಾ ಕಾಲೇಜಿನಲ್ಲಿ ಮಾಡಿ ನೋಡಬಹುದೇ? ಪ್ರಯೋಗಾಲಯದ ಲೇಸರ್‌ನಿಂದ ಖಂಡಿತ ಅಲ್ಲ. ಅವು ನಾಲ್ಕನೆಯ ವರ್ಗದವು, ಅಂದರೆ ಅಪಾಯದಲ್ಲಿ ಅತಿ ಮೇಲಿನ ವರ್ಗದವು. ಉಂಗುರಕ್ಕೋ ಕೈಗಡಿಯಾರಕ್ಕೋ ತಾಗಿ ಚಿಮ್ಮಿದ ಒಂದು ಮಿಂಚು ಕಣ್ಣನ್ನು ಶಾಶ್ವತವಾಗಿ ಕೆಡಿಸಬಲ್ಲದು. ಅಗ್ಗದ ಹಸಿರು ಲೇಸರ್ ಪಾಯಿಂಟರ್‌ಗಳನ್ನೂ ನಂಬುವಂತಿಲ್ಲ, ಕೆಲವುಗಳಿಂದ ಕಣ್ಣಿಗೆ ಕಾಣದ ಅವಕೆಂಪು ಬೆಳಕೂ ಸೋರುತ್ತದೆ. ಕಪ್ಪು ಕಾಗದಕ್ಕೆ ಸಣ್ಣ ಸೀಳು ಮಾಡಿ, ಅದರ ಹಿಂದೆ ಪ್ರಖರವಾದ ಎಲ್‌ಇಡಿ ದೀಪ ಇಟ್ಟರೆ ಗಾಜಿನ ತೊಟ್ಟಿಗೆ ಸಾಕಾಗುವ ಬೆಳಕಿನ ಹಾಳೆ ಸಿಗುತ್ತದೆ. ಮೊಬೈಲಿನ ನಿಧಾನಗತಿ ವಿಡಿಯೊ ಸೆಕೆಂಡಿಗೆ 240 ಚಿತ್ರ ಹಿಡಿಯುವುದಾದರೆ ಎರಡು ಚಿತ್ರಗಳ ಅಂತರ ಸುಮಾರು 4.2 ಮಿಲಿಸೆಕೆಂಡ್. ಒಂದು ಪಿಕ್ಸೆಲ್‌ಗೆ 0.1 ಮಿಲಿಮೀಟರ್ ಎಂದಿಟ್ಟುಕೊಂಡರೆ, ಎಂಟು ಪಿಕ್ಸೆಲ್ ಸರಿತಕ್ಕೆ ಸೆಕೆಂಡಿಗೆ ಸುಮಾರು 19 ಸೆಂಟಿಮೀಟರ್ ವೇಗ. ತೊಟ್ಟಿಯಲ್ಲಿ ಚಮಚ ಆಡಿಸಿದ ನೀರಿಗೆ ಅಷ್ಟು ಸಾಕು. ಲೆಕ್ಕಕ್ಕೆ ಪಿಐವಿಲ್ಯಾಬ್, ಓಪನ್‌ಪಿಐವಿ ಎಂಬ ಉಚಿತ ತಂತ್ರಾಂಶಗಳಿವೆ. ತೊಟ್ಟಿಗೆ ಕಣ ಹಾಕುವುದಕ್ಕೆ ಮೊದಲು ಬೆಳಕಿನ ಹಾಳೆ ಬೀಳುವ ಜಾಗದಲ್ಲೇ, ನೀರಿನೊಳಗೆ, ಸ್ಟೀಲ್ ಸ್ಕೇಲ್ ನಿಲ್ಲಿಸಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಪಿಕ್ಸೆಲ್‌ಗಳನ್ನು ಮಿಲಿಮೀಟರ್ ಮಾಡುವುದು ಆ ಫೋಟೊ. ಅದನ್ನು ತೆಗೆದ ಮೇಲೆ ಮೊಬೈಲನ್ನು ಒಂದು ಬೆರಳಷ್ಟೂ ಅಲುಗಿಸಬೇಡಿ.